ಟೆಂಡರ್ ಕಡಿಮೆ, ಖರ್ಚು ಜಾಸ್ತಿ: ಗುತ್ತಿಗೆ ಕಾಮಗಾರಿಯ ದುಡ್ಡು ಸೋರುವುದೆಲ್ಲಿ?

ಮಡಿಕೇರಿ ದಸರಾ ಹತ್ತಿರ ಬಂದಂತೆ ಪಟ್ಟಣದ ರಸ್ತೆಗಳಿಗೆ ತೇಪೆ ಬೀಳತೊಡಗುತ್ತದೆ. ಅದರ ಹಿಂದೆಯೇ ತುಲಾ ಸಂಕ್ರಮಣ. ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ದಾರಿಯ ಸರದಿ. ನವೆಂಬರ್ ಹೊತ್ತಿಗೆ ಮಳೆ ಬಿಟ್ಟು ಹಳ್ಳಿ ರಸ್ತೆ, ಮೋರಿ, ತಡೆಗೋಡೆಗಳ ಭೂಮಿಪೂಜೆಯ ಫೋಟೊಗಳು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತವೆ. ಮುಂದಿನ ಜುಲೈಯಲ್ಲಿ ಅದೇ ಜಾಗ ಮತ್ತೆ ಕಿತ್ತುಹೋದಾಗ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುವ ಮಾತು ಅದೇ, ಸೊಸೈಟಿ ಜಗಲಿಯಲ್ಲೂ ಅದೇ: "ಎಷ್ಟು ತಿಂದರೋ!"

ತಿಂದದ್ದು ಇರಬಹುದು. ಆದರೆ ಯಾರೂ ಒಂದು ರೂಪಾಯಿ ಮುಟ್ಟದೆ, ಎಲ್ಲ ಕಾಗದಪತ್ರ ಸರಿಯಾಗಿಯೇ ಇದ್ದು, ಆಡಿಟ್‌ನಲ್ಲೂ ಪಾಸಾಗಿ ಸರ್ಕಾರದ ಹಣ ಹಾಳಾಗುವ ದಾರಿಗಳೂ ಇವೆ. ಈ ದಾರಿಗಳಲ್ಲಿ ಹೋಗುವ ಹಣ ಲಂಚದ ಸುದ್ದಿಯಷ್ಟು ಸದ್ದು ಮಾಡುವುದಿಲ್ಲ. ಗುತ್ತಿಗೆ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅದು ಎಲ್ಲಿ, ಯಾಕೆ ಸೋರುತ್ತದೆ ಎಂಬುದೂ ಕಾಣುತ್ತದೆ.

## ಸರ್ಕಾರ ತಾನೇ ಯಾಕೆ ಮಾಡಿಸುವುದಿಲ್ಲ?

ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ನಗರಸಭೆ, ಪಟ್ಟಣ ಪಂಚಾಯಿತಿ: ಇವುಗಳ ಬಳಿ ಇಂಜಿನಿಯರುಗಳಿದ್ದಾರೆ, ಹಣವಿದೆ. ಟಿಪ್ಪರ್, ರೋಲರ್, ಡಾಂಬರು ಪ್ಲಾಂಟ್, ಕೂಲಿಯಾಳುಗಳು ಇಲ್ಲ. ವರ್ಷದಲ್ಲಿ ಕೆಲವೇ ತಿಂಗಳ ಕೆಲಸಕ್ಕೆ ಇವನ್ನೆಲ್ಲ ಇಟ್ಟು ಸಾಕುವುದು ದುಬಾರಿ. ಹಾಗಾಗಿ ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಿ, ತಾನು ಮೇಲ್ವಿಚಾರಣೆ ಮಾಡುತ್ತದೆ. ತತ್ವ ಇಷ್ಟೇ, ಅದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಮೇಲ್ವಿಚಾರಣೆ ಮಾಡುವವರಿಗಿಂತ ಕೆಲಸ ಮಾಡುವವರಿಗೆ ಕೆಲಸದ ಒಳಗುಟ್ಟು ಹೆಚ್ಚು ಗೊತ್ತಿದ್ದಾಗ.

ಯಾರಿಗೆ ಗುತ್ತಿಗೆ ಕೊಡಬೇಕು ಎಂಬುದನ್ನು ಅಧಿಕಾರಿಗಳ ಇಷ್ಟಕ್ಕೆ ಬಿಡಬಾರದೆಂದು ರಾಜ್ಯದಲ್ಲಿ ಒಂದು ಕಾಯ್ದೆ ಇದೆ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಕಚೇರಿಗಳಲ್ಲಿ ಎಲ್ಲರೂ ಇದನ್ನು ಕರೆಯುವುದು ಕೆಟಿಪಿಪಿ ಎಂದು. ಸಣ್ಣ ಮೊತ್ತದ ಖರೀದಿ ಬಿಟ್ಟರೆ ಉಳಿದದ್ದಕ್ಕೆಲ್ಲ ಬಹಿರಂಗವಾಗಿ ಟೆಂಡರ್ ಕರೆಯಬೇಕು ಎಂಬುದು ಅದರ ತಿರುಳು.

## ಒಂದು ಮೋರಿಯ ಜಾತಕ

ಗಾಳಿಬೀಡು ಕಡೆಯ ಯಾವುದೋ ಒಂದು ರಸ್ತೆಯಲ್ಲಿ ಮಳೆನೀರು ರಸ್ತೆ ಮೇಲೆಯೇ ಹರಿಯುತ್ತದೆ, ಅಲ್ಲೊಂದು ಮೋರಿ ಬೇಕು ಎಂದಿಟ್ಟುಕೊಳ್ಳಿ. ಬೇಡಿಕೆ ಗ್ರಾಮಸಭೆಯಲ್ಲೋ ಶಾಸಕರ ಮುಂದೆಯೋ ಬರುತ್ತದೆ. ಜೂನಿಯರ್ ಇಂಜಿನಿಯರ್ ಜಾಗ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ. ಇದೇ ಎಸ್ಟಿಮೇಟ್. ಇಷ್ಟು ಘನ ಮೀಟರ್ ಮಣ್ಣು ಅಗೆತ, ಇಷ್ಟು ಕಾಂಕ್ರೀಟ್, ಇಷ್ಟು ಕಬ್ಬಿಣ ಎಂದು ಸಾಲುಸಾಲಾಗಿ ಬರೆದು, ಪ್ರತಿ ಸಾಲಿನ ಮುಂದೆ ದರ ಹಾಕುತ್ತಾರೆ. ದರ ಅವರ ಊಹೆಯದ್ದಲ್ಲ. ಲೋಕೋಪಯೋಗಿ ಇಲಾಖೆ ಪ್ರಕಟಿಸುವ ದರಪಟ್ಟಿಯೊಂದಿದೆ, ಆಡುಮಾತಿನಲ್ಲಿ ಎಸ್.ಆರ್.; ಅದರಿಂದ ಎತ್ತಿಕೊಳ್ಳಬೇಕು.

ಎಸ್ಟಿಮೇಟಿಗೆ ಎರಡು ಒಪ್ಪಿಗೆ ಸಿಗಬೇಕು. ಈ ಕೆಲಸಕ್ಕೆ ಇಷ್ಟು ಹಣ ಖರ್ಚು ಮಾಡಬಹುದು ಎನ್ನುವುದು ಆಡಳಿತಾತ್ಮಕ ಅನುಮೋದನೆ. ಈ ವಿನ್ಯಾಸ, ಈ ಲೆಕ್ಕ ಸರಿಯಾಗಿದೆ ಎನ್ನುವುದು ತಾಂತ್ರಿಕ ಮಂಜೂರಾತಿ. ಇವೆರಡೂ ಆದ ಮೇಲೆ ಟೆಂಡರ್ ಪ್ರಕಟಣೆ ಸರ್ಕಾರದ ಇ-ಸಂಗ್ರಹಣಾ ಪೋರ್ಟಲಿಗೆ ಏರುತ್ತದೆ. ಬಿಡ್ ಹಾಕುವವರು ಇಎಂಡಿ ಎಂಬ ಮುಂಗಡ ಠೇವಣಿ ಇಡುತ್ತಾರೆ. ಕೆಲಸ ಗೆದ್ದು ಓಡಿಹೋದರೆ ಅದು ಮುಟ್ಟುಗೋಲು. ದೊಡ್ಡ ಕೆಲಸಗಳಲ್ಲಿ ಮೊದಲು ತಾಂತ್ರಿಕ ಬಿಡ್ ತೆರೆದು ಅನುಭವ, ಯಂತ್ರ, ವಹಿವಾಟು ಇದೆಯೇ ಎಂದು ನೋಡಿ, ಪಾಸಾದವರ ದರವನ್ನಷ್ಟೇ ಆಮೇಲೆ ತೆರೆಯುತ್ತಾರೆ. ಅತಿ ಕಡಿಮೆ ದರ ಹೇಳಿದವರಿಗೆ ಎಲ್-1 ಎಂದು ಹೆಸರು. ಸಾಮಾನ್ಯವಾಗಿ ಕೆಲಸ ಅವರಿಗೇ.

ಕೆಲಸ ನಡೆದಂತೆ ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. "ಎಂ.ಬಿ. ಆಯ್ತಾ?" ಎಂದು ಗುತ್ತಿಗೆದಾರರು ಕಚೇರಿ ಮೆಟ್ಟಿಲಲ್ಲಿ ಕೇಳುವುದು ಈ ಪುಸ್ತಕದ ಬಗ್ಗೆಯೇ. ಅದರಲ್ಲಿ ಬರೆದಷ್ಟಕ್ಕೆ ಬಿಲ್. ಬಿಲ್ಲಿನಲ್ಲಿ ಒಂದು ಪಾಲನ್ನು ಇಲಾಖೆ ಭದ್ರತಾ ಠೇವಣಿಯಾಗಿ ಹಿಡಿದಿಡುತ್ತದೆ. ಕೆಲಸ ಮುಗಿದ ಮೇಲೆ ಒಪ್ಪಂದದಲ್ಲಿ ಹೇಳಿದ ಅವಧಿಯವರೆಗೆ ಯಾವ ದೋಷ ಕಂಡರೂ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಇದಕ್ಕೆ ದೋಷ ಹೊಣೆಗಾರಿಕೆ ಅವಧಿ ಎನ್ನುತ್ತಾರೆ. ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

## ಮೊದಲ ಸೋರಿಕೆ ಎಸ್ಟಿಮೇಟಿನಲ್ಲೇ

ಟೆಂಡರಿನ ಬಗ್ಗೆ ಪತ್ರಿಕೆಗಳಲ್ಲಿ ಬರುವಷ್ಟು ಸುದ್ದಿ ಎಸ್ಟಿಮೇಟಿನ ಬಗ್ಗೆ ಬರುವುದಿಲ್ಲ. ಆದರೆ ನನ್ನ ಮಟ್ಟಿಗೆ ಹಣ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಹೆಚ್ಚಾಗಿ ಇಲ್ಲೇ.

ಹಿಗ್ಗಿಸಿದ ಎಸ್ಟಿಮೇಟ್ ಎಲ್ಲರಿಗೂ ಅರ್ಥವಾಗುವ ತಪ್ಪು. ಜಲ್ಲಿ ಹತ್ತಿರದ ಕ್ವಾರಿಯಲ್ಲಿ ಸಿಗುತ್ತಿದ್ದರೂ ದೂರದ್ದೆಂದು ತೋರಿಸಿ ಸಾಗಣೆ ವೆಚ್ಚ ಏರಿಸುವುದು ಹಳೆಯ ವಿದ್ಯೆ. ಈ ದೂರಕ್ಕೆ ಇಂಜಿನಿಯರಿಂಗ್ ಭಾಷೆಯಲ್ಲಿ ಲೀಡ್ ಎನ್ನುತ್ತಾರೆ. ಮೆದು ಮಣ್ಣು ಅಗೆದು ಗಟ್ಟಿ ಬಂಡೆಯ ದರ ಹಾಕುವುದು ಇನ್ನೊಂದು. ಅಗೆದ ಗುಂಡಿ ಮುಚ್ಚಿದ ಮೇಲೆ ಒಳಗೆ ಬಂಡೆ ಇತ್ತೋ ಮಣ್ಣಿತ್ತೋ ಹೇಳುವವರು ಯಾರು?

ಕುಗ್ಗಿಸಿದ ಎಸ್ಟಿಮೇಟ್ ಇದಕ್ಕಿಂತ ಮೋಸದ್ದು, ಯಾಕೆಂದರೆ ನೋಡಲು ಅದು ಉಳಿತಾಯದಂತೆಯೇ ಕಾಣುತ್ತದೆ. ಬಂದ ಅನುದಾನ ಇಷ್ಟೇ ಎಂದು ರಸ್ತೆಯ ಎಸ್ಟಿಮೇಟಿನಿಂದ ಚರಂಡಿಯನ್ನು ತೆಗೆದುಹಾಕುತ್ತಾರೆ. ಡಾಂಬರು ಮಾತ್ರ ಉಳಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿಲಿಮೀಟರಿಗೂ ಹೆಚ್ಚು, ತೋಟದವರ ಲೆಕ್ಕದಲ್ಲಿ 120 ಇಂಚು. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಡಾಂಬರಿಗೆ ನೀರು ಶತ್ರು: ಅಂಚಿನಿಂದ ಒಳನುಗ್ಗಿ ಕೆಳಗಿನ ಜಲ್ಲಿಯ ಪದರ ಸಡಿಲಗೊಳಿಸುತ್ತದೆ, ಮೇಲೆ ಮರದ ಲಾರಿಯೊಂದು ಹೋದರೆ ಸಾಕು, ಗುಂಡಿ. ಬಯಲುಸೀಮೆಯಲ್ಲಿ ಚರಂಡಿಯಿಲ್ಲದ ರಸ್ತೆ ಒಂದಷ್ಟು ವರ್ಷ ಬಾಳಬಹುದು. ಇಲ್ಲಿ ಒಂದೇ ಮಳೆಗಾಲ ಸಾಕು. ಆ ಎಸ್ಟಿಮೇಟಿನಲ್ಲಿ ಯಾರೂ ಕದ್ದಿಲ್ಲ. ಆದರೆ ಹಾಕಿದ ಹಣವೆಲ್ಲ ಹೋಯಿತು.

ಮಣ್ಣು ಪರೀಕ್ಷೆಯ ಕಥೆಯೂ ಹೀಗೆಯೇ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಸುತ್ತ ಗುಡ್ಡಗಳು ಜರಿದ ಮೇಲೆ ಜಿಲ್ಲೆಯಲ್ಲಿ ತಡೆಗೋಡೆಗಳ ಕೆಲಸ ಹೆಚ್ಚಿತು. ಗೋಡೆಗೆ ನಿಜವಾದ ಭಾರ ಅದರ ಹಿಂದಿನ ಮಣ್ಣಿಗಿಂತ ಆ ಮಣ್ಣು ಕುಡಿದ ನೀರು. ಹಿಂಬದಿಯಲ್ಲಿ ಜಲ್ಲಿ ತುಂಬಿ, ನೀರಿಳಿಯಲು ಕಿಂಡಿ ಬಿಟ್ಟು, ಗುಡ್ಡದ ಮೇಲಿನಿಂದ ಬರುವ ನೀರನ್ನು ಬೇರೆಡೆ ತಿರುಗಿಸದಿದ್ದರೆ ಗೋಡೆ ಎಷ್ಟೇ ದಪ್ಪವಿದ್ದರೂ ಉಬ್ಬುತ್ತದೆ. ಮಡಿಕೇರಿ ಜಿಲ್ಲಾಡಳಿತ ಭವನದ ಕೆಳಗೆ ಕೋಟಿಗಟ್ಟಲೆ ವೆಚ್ಚದಲ್ಲಿ ಕಟ್ಟುತ್ತಿದ್ದ ತಡೆಗೋಡೆಯ ಫಲಕಗಳು 2022ರ ಜುಲೈ ಮಳೆಯಲ್ಲಿ ಉಬ್ಬಿ ನಿಂತದ್ದನ್ನೂ, ಕೆಳಗಿನ ಮಂಗಳೂರು ರಸ್ತೆಯಲ್ಲಿ ವಾಹನ ತಡೆದು ಬೇರೆ ದಾರಿಗೆ ತಿರುಗಿಸಿದ್ದನ್ನೂ ಊರೆಲ್ಲ ನೋಡಿದೆ. ಯಾರ ತಪ್ಪು ಎಷ್ಟು ಎಂಬುದು ತನಿಖೆಗೆ ಬಿಟ್ಟ ವಿಷಯ. ಗುಡ್ಡದ ಕೆಲಸದಲ್ಲಿ ವಿನ್ಯಾಸಕ್ಕೆ ಮೊದಲೇ ಕೊಡಬೇಕಾದ ಸಮಯ, ಹಣ ಎಷ್ಟು ಮುಖ್ಯ ಎಂಬುದಂತೂ ಅಲ್ಲಿ ಕಣ್ಣಿಗೆ ಕಂಡಿತು.

ಅವಸರದ ಎಸ್ಟಿಮೇಟಿನ ಬಾಲಂಗೋಚಿ ಒಂದಿದೆ: ಹೆಚ್ಚುವರಿ ಕೆಲಸ. ಅಗೆದಾಗ ಬಂಡೆ ಸಿಕ್ಕಿತು, ಒರತೆ ಸಿಕ್ಕಿತು, ಮೋರಿ ಇನ್ನೆರಡು ಮೀಟರ್ ಉದ್ದ ಬೇಕಾಯಿತು. ಈ ಬದಲಾವಣೆಗೆ ಮತ್ತೆ ಟೆಂಡರ್ ಇರುವುದಿಲ್ಲ. ಅದೇ ಗುತ್ತಿಗೆದಾರರ ಜೊತೆ ದರ ಗೊತ್ತು ಮಾಡುತ್ತಾರೆ. ಪೈಪೋಟಿ ಇಲ್ಲದ ಜಾಗದಲ್ಲಿ ದರ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅನುಭವಿ ಗುತ್ತಿಗೆದಾರರು ಎಸ್ಟಿಮೇಟ್ ಓದುವಾಗಲೇ ಇಲ್ಲಿ ಹೆಚ್ಚುವರಿ ಬರುತ್ತದೆ ಎಂದು ಗುರುತು ಹಾಕಿಕೊಂಡು, ಬಿಡ್‌ನಲ್ಲಿ ದರ ಇಳಿಸಿ ಗೆಲ್ಲುತ್ತಾರೆ. ಕಳೆದುಕೊಂಡದ್ದನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದಲ್ಲ.

## ಅತಿ ಕಡಿಮೆ ದರ ಅತಿ ಕಡಿಮೆ ಖರ್ಚಲ್ಲ

ಎಲ್-1 ಪದ್ಧತಿಗೆ ಒಂದು ದೊಡ್ಡ ಗುಣವಿದೆ: ಅಧಿಕಾರಿಗಳ ಇಷ್ಟಾನಿಷ್ಟಕ್ಕೆ ಜಾಗವಿಲ್ಲ. ಸಂಖ್ಯೆ ನೋಡಿ, ಚಿಕ್ಕದನ್ನು ಆರಿಸಿ, ಸಹಿ ಹಾಕಿ. ಹೆಚ್ಚು ದರದವರನ್ನು ಗುಣಮಟ್ಟದ ನೆಪದಲ್ಲಿ ಆರಿಸಿದರೆ ನಾಳೆ ಲೋಕಾಯುಕ್ತರಿಗೆ ಉತ್ತರ ಕೊಡಬೇಕಾದೀತು ಎಂಬ ಭಯ ಯಾವ ಅಧಿಕಾರಿಗೆ ಇರುವುದಿಲ್ಲ?

ಆದರೆ ಲೆಕ್ಕ ಹಾಕಿ ನೋಡಿ. 20 ಲಕ್ಷ ರೂಪಾಯಿ ಎಸ್ಟಿಮೇಟಿನ ರಸ್ತೆಯನ್ನು ಒಬ್ಬರು ಶೇ. 25ರಷ್ಟು ಇಳಿಸಿ 15 ಲಕ್ಷಕ್ಕೆ ಒಪ್ಪಿಕೊಂಡರು, ಅದು ಎರಡು ವರ್ಷ ಬಾಳಿತು ಎಂದುಕೊಳ್ಳೋಣ. ವರ್ಷಕ್ಕೆ ಬಿದ್ದ ಖರ್ಚು ಏಳೂವರೆ ಲಕ್ಷ. ಪೂರ್ತಿ 20 ಲಕ್ಷಕ್ಕೆ ಮಾಡಿದ ರಸ್ತೆ ಐದು ವರ್ಷ ಬಾಳಿದ್ದರೆ ವರ್ಷಕ್ಕೆ 4 ಲಕ್ಷ. ಕಡತದಲ್ಲಿ ಮೊದಲನೆಯದು 5 ಲಕ್ಷ ಉಳಿತಾಯ ಎಂದೇ ದಾಖಲಾಗುತ್ತದೆ. ಮೂರನೇ ವರ್ಷ ಹೊಸ ಎಸ್ಟಿಮೇಟ್ ಬರುವಾಗ ಹಳೆಯ ಕಡತವನ್ನು ಯಾರೂ ಜೊತೆಯಲ್ಲಿಟ್ಟು ನೋಡುವುದಿಲ್ಲ.

ಇದಕ್ಕೆ ಬಳಕೆಯಲ್ಲಿರುವ ಒಂದು ಔಷಧ, ವಿಪರೀತ ಇಳಿಸಿದ ದರಕ್ಕೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುವುದು. ಇನ್ನೊಂದು, ದರದ ಜೊತೆ ಗುಣಮಟ್ಟಕ್ಕೂ ಅಂಕ ಕೊಡುವುದು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ತನ್ನ ಇಲಾಖೆಗಳಿಗೆ ಕೊಟ್ಟ ಸೂಚನೆಯಲ್ಲಿ ಆಯ್ದ ಕಾಮಗಾರಿಗಳಿಗೆ ಇದಕ್ಕೆ ಅವಕಾಶವಿದೆ. ದರವಲ್ಲದ ಅಂಶಗಳಿಗೆ ಶೇ. 30 ಮೀರಿ ಅಂಕ ಕೊಡುವಂತಿಲ್ಲ ಎಂಬ ಲಗಾಮೂ ಇದೆ. ಲಗಾಮು ಯಾಕೆಂದರೆ, ಅಂಕ ಕೊಡುವ ಕೈ ಯಾರದು ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದುಬರುತ್ತದೆ.

## ತುಂಡು, ಪ್ಯಾಕೇಜ್, ವಿನಾಯಿತಿ

ಪೈಪೋಟಿ ಇದ್ದರೆ ಮಾತ್ರ ಟೆಂಡರಿಗೆ ಅರ್ಥ. ಅದನ್ನು ಮುಕ್ಕಾಗಿಸುವ ಮೂರು ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ.

ಒಂದೇ ರಸ್ತೆಯನ್ನು ಸಣ್ಣ ಸಣ್ಣ ಕಾಮಗಾರಿಗಳಾಗಿ ಕತ್ತರಿಸಿ, ಪ್ರತಿ ತುಂಡೂ ಟೆಂಡರ್ ಮಿತಿಯ ಕೆಳಗೆ ಬರುವಂತೆ ಮಾಡುವುದು ತುಂಡು ಗುತ್ತಿಗೆ. ಕಾನೂನು ಇದನ್ನು ಒಪ್ಪುವುದಿಲ್ಲ. ಇದರ ತಲೆಕೆಳಗಾದ ರೂಪ ಪ್ಯಾಕೇಜ್: ಇಪ್ಪತ್ತು ಹಳ್ಳಿಗಳ ಸಣ್ಣ ಕೆಲಸಗಳನ್ನು ಒಂದು ಮೂಟೆ ಕಟ್ಟಿದರೆ ಸ್ಥಳೀಯ ಗುತ್ತಿಗೆದಾರರು ಅರ್ಹತೆಯನ್ನೇ ಮುಟ್ಟುವುದಿಲ್ಲ. ದೊಡ್ಡವರು ಗೆದ್ದು, ತಮ್ಮ ಪಾಲು ಇಟ್ಟುಕೊಂಡು, ಅದೇ ಸ್ಥಳೀಯರಿಗೆ ಉಪಗುತ್ತಿಗೆ ಕೊಡುತ್ತಾರೆ. ನಡುವೆ ಹೋದ ಪಾಲಿಗೆ ಪ್ರತಿಯಾಗಿ ರಸ್ತೆಗೆ ಒಂದು ಬುಟ್ಟಿ ಜಲ್ಲಿಯೂ ಬಿದ್ದಿರುವುದಿಲ್ಲ. ಪ್ಯಾಕೇಜ್ ಎಂದರೆಲ್ಲ ಕೆಟ್ಟದ್ದು ಎಂದಲ್ಲ. ದೊಡ್ಡ ಯಂತ್ರ ಬೇಕಾದ ಕೆಲಸಕ್ಕೆ ಅದೇ ಅಗ್ಗ.

ಮೂರನೆಯದು ವಿನಾಯಿತಿ. ಕೆಟಿಪಿಪಿ ಕಾಯ್ದೆಯ 4ನೇ ಕಲಂ ಕೆಲವು ಸಂದರ್ಭಗಳಲ್ಲಿ ಟೆಂಡರಿನಿಂದ ಬಿಡುಗಡೆ ಕೊಡುತ್ತದೆ. ಪ್ರಕೃತಿ ವಿಕೋಪ ಅದರಲ್ಲೊಂದು. 2018ರಲ್ಲಿ ರಸ್ತೆ ಕಡಿದು ಊರುಗಳು ದ್ವೀಪವಾದಾಗ ತಿಂಗಳುಗಟ್ಟಲೆ ಟೆಂಡರಿಗೆ ಕಾಯುತ್ತಾ ಕೂರಲು ಆಗುತ್ತಿತ್ತೇ? ಇನ್ನೊಂದು 4(ಜಿ): ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸವನ್ನು ನೇರ ವಹಿಸಬಹುದು. ಜನ ಇಂದಿಗೂ ಲ್ಯಾಂಡ್ ಆರ್ಮಿ ಎಂದೇ ಕರೆಯುವ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತಕ್ಕೆ ಹೀಗೆ ಕೆಲಸ ಸಿಗುವುದುಂಟು. ಒಳನಾಡಿನ, ಬಿಡ್ ಹಾಕಲು ಯಾರೂ ಮುಂದೆ ಬಾರದ ಕೆಲಸಕ್ಕೆ ಇದು ಅನುಕೂಲ. ಆದರೆ ಬೇರೆಯವರು ಎಷ್ಟಕ್ಕೆ ಮಾಡುತ್ತಿದ್ದರು ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚುತ್ತದೆ.

## ಕೆ.ಜಿ. ಲೆಕ್ಕದ ಕೊಯ್ಲು

ರೊಬಸ್ಟಾ ಕಾಫಿ ಕೊಯ್ಲಿಗೆ ಆಳು ಇಟ್ಟವರಿಗೆ ಗುತ್ತಿಗೆಯ ಅರ್ಥಶಾಸ್ತ್ರವನ್ನು ಯಾರೂ ಕಲಿಸಬೇಕಿಲ್ಲ. ದಿನಗೂಲಿಗೆ ಕೊಯ್ಯಿಸಿದರೆ ಕೆಲಸ ನಿಧಾನ. ಕೆ.ಜಿ. ಲೆಕ್ಕಕ್ಕೆ ಕೊಟ್ಟರೆ ಕೆಲಸ ಚುರುಕು, ಆದರೆ ಕಾಯಿ ಹಣ್ಣು ಒಂದೂ ನೋಡದೆ ಗೊಂಚಲು ಸಮೇತ ಉದುರಿಸುತ್ತಾರೆ, ಕೊಂಬೆಯೂ ಮುರಿಯುತ್ತದೆ. ಕೆಲಸದವರು ಕೆಟ್ಟವರೆಂದಲ್ಲ, ತೂಕಕ್ಕೆ ದುಡ್ಡು ಎಂದರೆ ತೂಕ ಬರುತ್ತದೆ. ಅದಕ್ಕೇ ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ಚೀಲಕ್ಕೆ ಕೈ ಹಾಕಿ ಹಸಿರು ಕಾಯಿ ಎಷ್ಟಿದೆ ಎಂದು ನೋಡುವುದು, ಮೇಸ್ತ್ರಿ ಗಿಡದ ಬುಡದಲ್ಲಿ ಉದುರು ಹೆಕ್ಕಿದ್ದಾರೋ ಇಲ್ಲವೋ ಎಂದು ತಿರುಗಿ ಬರುವುದು.

ಸರ್ಕಾರಿ ಕಾಮಗಾರಿಯಲ್ಲಿ ರೈಟರ್ ತೂಕ ಬರೆದಿಡುವ ಪುಸ್ತಕದ ಜಾಗದಲ್ಲಿರುವುದು ಎಂ.ಬಿ. ಹಳ್ಳಿ ರಸ್ತೆಯ ಸಾಮಾನ್ಯ ಅಗಲ 3.75 ಮೀಟರ್. ಎಸ್ಟಿಮೇಟಿನಲ್ಲಿ 20 ಮಿಲಿಮೀಟರ್ ದಪ್ಪದ ಡಾಂಬರು ಹೊದಿಕೆ ಬರೆದಿದೆ ಎಂದುಕೊಳ್ಳಿ. ಒಂದು ಕಿಲೋಮೀಟರಿಗೆ ಬೇಕಾದ ಮಿಶ್ರಣ 75 ಘನ ಮೀಟರ್. ನೆಲದ ಮೇಲೆ ಬಿದ್ದದ್ದು 15 ಮಿಲಿಮೀಟರ್ ಆದರೆ 56.25 ಘನ ಮೀಟರ್. ಕಾಲು ಭಾಗ ಹೋಯಿತು, ಅಂದರೆ ಪ್ರತಿ ಕಿಲೋಮೀಟರಿಗೆ 18.75 ಘನ ಮೀಟರ್. ಐದು ಮಿಲಿಮೀಟರ್ ಎಂದರೆ ಒಂದು ಪೆನ್ಸಿಲ್ಲಿನ ದಪ್ಪವೂ ಇಲ್ಲ. ಹೊಸ ರಸ್ತೆಯ ಮೇಲೆ ಸ್ಕೂಟರ್ ಓಡಿಸಿದವರಿಗೆ ಅದು ಕಾಣುವುದಿಲ್ಲ. ಕಾಣಬೇಕಾದವರು ರಸ್ತೆಯ ಅಲ್ಲಲ್ಲಿ ಮಾದರಿ ಕೊರೆದು ಅಳೆಯಬೇಕು.

ದಪ್ಪ ಸರಿಯಿದ್ದರೂ ಬಿಸಿ ತಪ್ಪಿದರೆ ಅದೇ ಗತಿ. ಡಾಂಬರು ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಘಾಟಿ ತಿರುವುಗಳಲ್ಲಿ ತೆವಳಿ, ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಟಾರ್ಪಾಲಿಲ್ಲದೆ ಬಂದ ಟಿಪ್ಪರಿನ ಮಾಲು ರೋಲರ್ ಕೆಳಗೆ ಒತ್ತಿ ಕೂರುವುದಿಲ್ಲ. ಮೇಲ್ನೋಟಕ್ಕೆ ಕಪ್ಪಗೆ ಚೆಂದವಾಗಿಯೇ ಇರುತ್ತದೆ. ಟಿಪ್ಪರಿನ ಮಾಲಿಗೆ ಥರ್ಮಾಮೀಟರ್ ಚುಚ್ಚಿ ನೋಡುವ ಒಬ್ಬರು ಅಲ್ಲಿರಬೇಕು. ಒಬ್ಬ ಜೂನಿಯರ್ ಇಂಜಿನಿಯರ್ ಕೈಯಲ್ಲಿ ಹತ್ತಾರು ಕಾಮಗಾರಿ ಇದ್ದು, ಒಂದು ಸೈಟಿನಿಂದ ಇನ್ನೊಂದಕ್ಕೆ ಬೆಟ್ಟ ಸುತ್ತಿ ಹೋಗಬೇಕಾದರೆ ಇದೆಲ್ಲ ಆಗುವುದು ಕಷ್ಟ. ಖಾಲಿ ಹುದ್ದೆ ತುಂಬದೆ ಉಳಿಸಿದ ಸಂಬಳ ಹೀಗೆ ರಸ್ತೆಯಲ್ಲಿ ಹೋಗುತ್ತದೆ. ಹೊರಗಿನ ಸಂಸ್ಥೆಯಿಂದ ಮೂರನೇ ವ್ಯಕ್ತಿಯ ತಪಾಸಣೆ ಮಾಡಿಸುವ ನಿಯಮ ಬಂದದ್ದು ಈ ಕೊರತೆ ತುಂಬಲು. ಆ ತಪಾಸಣೆಯೂ ಕೆಲಸ ಮುಗಿದ ಮೇಲೆ ಕಾಗದದಲ್ಲಷ್ಟೇ ನಡೆದರೆ ಅದಕ್ಕೆ ಕೊಟ್ಟ ಶುಲ್ಕ ಇನ್ನೊಂದು ಖರ್ಚು.

## ಬಿಲ್ ತಡವಾದರೆ ಬಡ್ಡಿ ಕಟ್ಟುವವರು ಯಾರು?

ಗುತ್ತಿಗೆದಾರರಿಗೆ ಬಿಲ್ ತಡಮಾಡಿದರೆ ಸರ್ಕಾರಕ್ಕೆ ಲಾಭ ಎಂದು ಅನ್ನಿಸಬಹುದು. ಅದು ಹಾಗಲ್ಲ. 20 ಲಕ್ಷದ ಕೆಲಸ ಮಾಡಿ ಒಂದು ವರ್ಷ ಕಾಯಬೇಕಾದವರು ತಿಂಗಳಿಗೆ ಶೇ. 1.5ರ ಬಡ್ಡಿಗೆ ಸಾಲ ತಂದಿದ್ದರೆ 3 ಲಕ್ಷ 60 ಸಾವಿರ ಬಡ್ಡಿಗೇ ಹೋಯಿತು. ಅದನ್ನು ಅವರು ಮನೆಯಿಂದ ತರುವುದಿಲ್ಲ. ಮುಂದಿನ ಬಿಡ್‌ನಲ್ಲಿ ದರ ಏರಿಸುತ್ತಾರೆ. ಏರಿಸಲು ಆಗದಿದ್ದರೆ ಸಿಮೆಂಟ್ ಇಳಿಸುತ್ತಾರೆ. ಸಾಲದ ಭಾರ ತಾಳಲಾರದ ಸಣ್ಣ, ಪ್ರಾಮಾಣಿಕ ಗುತ್ತಿಗೆದಾರರು ಬಿಡ್ ಹಾಕುವುದನ್ನೇ ನಿಲ್ಲಿಸುತ್ತಾರೆ. ಪೈಪೋಟಿ ಕಡಿಮೆಯಾಗಿ ಉಳಿದವರ ದರ ಇನ್ನೂ ಏರುತ್ತದೆ.

ಬಿಲ್ ಯಾವಾಗ ಆಗುತ್ತದೆ ಎಂಬುದು ಒಬ್ಬರ ಸಹಿಯಲ್ಲಿ ನಿಂತಿದ್ದರೆ ಆ ಸಹಿಗೆ ಬೆಲೆ ಹುಟ್ಟುತ್ತದೆ. ರಾಜ್ಯ ಗುತ್ತಿಗೆದಾರರ ಸಂಘ 2021ರ ಜುಲೈಯಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿ ಶೇ. 40ರವರೆಗೆ ಕಮಿಷನ್ ಕೊಡಬೇಕಾಗಿದೆ ಎಂದು ಆರೋಪಿಸಿದ್ದು, ಮುಂದೆ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ವಿಚಾರಣಾ ಆಯೋಗ ರಚನೆಯಾದದ್ದು, 2025ರ ಮಾರ್ಚ್‌ನಲ್ಲಿ ಅದು ವರದಿ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಪಕ್ಷಗಳ ಜಗಳ ಬದಿಗಿಟ್ಟು ನೋಡಿದರೆ ಲೆಕ್ಕ ಸರಳ: ಬಿಲ್ಲಿಗೆ ದಿನಾಂಕ ಗೊತ್ತಿದ್ದರೆ ಅದನ್ನು ಬೇಗ ಮಾಡಿಸಿಕೊಡುತ್ತೇನೆ ಎಂಬ ವ್ಯಾಪಾರಕ್ಕೆ ಗಿರಾಕಿ ಇರುವುದಿಲ್ಲ. ಮೇಲೆ ಹೇಳಿದ ಕೇಂದ್ರದ 2021ರ ಸೂಚನೆ ಇದನ್ನೂ ಮುಟ್ಟಿದೆ. ಬಿಲ್ ಸಲ್ಲಿಸಿದ 10 ಕೆಲಸದ ದಿನಗಳೊಳಗೆ ಕನಿಷ್ಠ ಶೇ. 75 ಪಾವತಿಸಿ, ಉಳಿದದ್ದನ್ನು ಪರಿಶೀಲಿಸಿ ಕೊಡಬೇಕು ಎನ್ನುತ್ತದೆ ಅದು. ಅನ್ವಯವಾಗುವುದು ಕೇಂದ್ರದ ಕಾಮಗಾರಿಗಳಿಗೆ.

## ಮಾರ್ಚ್ 31 ಮತ್ತು ಕೊಡಗಿನ ಕ್ಯಾಲೆಂಡರ್

ಬಜೆಟ್ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಷ್ಟರೊಳಗೆ ಖರ್ಚಾಗದ ಅನುದಾನ ಸಾಮಾನ್ಯವಾಗಿ ವಾಪಸ್. ಹಾಗಾಗಿ ರಾಜ್ಯದ ಎಲ್ಲ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಕಾಮಗಾರಿಗಳ ಜಾತ್ರೆ. ಕೊಡಗಿನಲ್ಲಿ ಇದು ಇನ್ನೂ ಬಿಗಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಣ್ಣು ಮುಟ್ಟುವಂತಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಸುಗ್ಗಿ ಹಬ್ಬ ಪುತ್ತರಿ, ಅರೇಬಿಕಾ ಕಾಫಿ ಕೊಯ್ಲು. ಜನವರಿಯಿಂದ ಮಾರ್ಚ್ ರೊಬಸ್ಟಾ. ತೋಟದ ಲೈನ್‌ಮನೆಯಲ್ಲೇ ಇರುವವರಿಂದ ಹಿಡಿದು ಪಿರಿಯಾಪಟ್ಟಣ ಕಡೆಯಿಂದ ಜೀಪಿನಲ್ಲಿ ಬರುವವರವರೆಗೆ ಎಲ್ಲ ಕೂಲಿಯಾಳುಗಳೂ ತೋಟದಲ್ಲಿ. ಅದೇ ಹೊತ್ತಿಗೆ ಗುತ್ತಿಗೆದಾರರಿಗೂ ಆಳು ಬೇಕು, ತೋಟದ ಕೂಲಿಗಿಂತ ಹೆಚ್ಚೇ ಕೊಡಬೇಕು. ಕೊಯ್ಲು ಮುಗಿದು ಆಳು ಸಿಗುವ ಏಪ್ರಿಲ್, ಮೇಯಲ್ಲಿ ಹೊಸ ವರ್ಷದ ಅನುದಾನ ಇನ್ನೂ ಇಳಿದಿರುವುದಿಲ್ಲ.

ಜುಲೈಯಲ್ಲೇ ಎಸ್ಟಿಮೇಟ್, ಮಳೆಯ ನಡುವೆಯೇ ಟೆಂಡರ್ ಮುಗಿಸಿಟ್ಟು ನವೆಂಬರ್ ಮೊದಲ ವಾರ ಕೆಲಸ ಶುರುಮಾಡಲು ಯಾವ ಕಾನೂನೂ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಜಾಗ ನೋಡಿದರೆ ನೀರು ಎಲ್ಲಿಂದ ಬರುತ್ತದೆ ಎಂಬುದೂ ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿದ ತೋಡು ನೋಡಿ ಬರೆದ ಮೋರಿಯ ಅಳತೆಗಿಂತ ಅದು ವಾಸಿ.

## ಹೊರಗುತ್ತಿಗೆ: ಸಂಬಳದ ಸುತ್ತ ಇನ್ನೊಂದು ಲೆಕ್ಕ

ಗುತ್ತಿಗೆ ಎಂದರೆ ರಸ್ತೆಯಷ್ಟೇ ಅಲ್ಲ. ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ಹಾಸ್ಟೆಲಿನ ಅಡುಗೆಯವರು, ಕಚೇರಿಯ ಡಾಟಾ ಎಂಟ್ರಿಯವರು, ಡ್ರೈವರ್‌ಗಳಲ್ಲಿ ಅನೇಕರು ಏಜೆನ್ಸಿ ಮೂಲಕ ಬಂದವರು. ಉದಾಹರಣೆಗೆ ಒಬ್ಬರ ಸಂಬಳ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿ.ಎಫ್. ಶುಲ್ಕ ಸಹಿತ ಶೇ. 13, ಅಂದರೆ 1,950. ಇ.ಎಸ್.ಐ. ಶೇ. 3.25, ಅಂದರೆ 488. ಒಟ್ಟು 17,438. ಏಜೆನ್ಸಿಯ ಸೇವಾಶುಲ್ಕ ಶೇ. 5 ಆದರೆ 872. ಇದೆಲ್ಲದರ ಮೇಲೆ ಶೇ. 18 ಜಿ.ಎಸ್.ಟಿ. ಹಾಕಿದರೆ ಸರ್ಕಾರದ ಖಜಾನೆಯಿಂದ ಹೊರಡುವುದು ಸುಮಾರು 21,606. ಕೆಲಸದವರ ಪಾಲಿನ ಪಿ.ಎಫ್., ಇ.ಎಸ್.ಐ. ಕಳೆದು ಕೈಗೆ ಬರುವುದು ಸುಮಾರು 13,087.

ನಡುವಿನ ಎಂಟೂವರೆ ಸಾವಿರವೆಲ್ಲ ಪೋಲಾಯಿತು ಎನ್ನುವುದು ತಪ್ಪು ಲೆಕ್ಕ. ಪಿ.ಎಫ್. ಹೆಚ್ಚೂಕಡಿಮೆ ಪೂರ್ತಿ ಕೆಲಸದವರದ್ದೇ ಹಣ. ಜಿ.ಎಸ್.ಟಿ. ಸರ್ಕಾರದ ಒಂದು ಜೇಬಿನಿಂದ ಹೊರಟು ಕೇಂದ್ರ, ರಾಜ್ಯಗಳ ಜೇಬಿಗೆ ಸೇರುತ್ತದೆ. ಪಂಚಾಯಿತಿ, ನಗರಸಭೆಗಳ ಹಲವು ಕೆಲಸಗಳಿಗೆ ಬರೀ ಆಳುಗಳನ್ನು ಪೂರೈಸುವ ಸೇವೆಗೆ ವಿನಾಯಿತಿಯೂ ಇದೆ. ನಿಜವಾದ ಸೋರಿಕೆ ಇರುವುದು ಬೇರೆ ಕಡೆ: ಹಾಜರಿ ಪುಸ್ತಕದಲ್ಲಿದ್ದು ನೆಲದ ಮೇಲಿಲ್ಲದ ಆಳುಗಳಲ್ಲಿ, ಬಿಲ್ಲಿನಲ್ಲಿ ವಸೂಲಾಗಿಯೂ ಕೆಲಸದವರ ಖಾತೆಗೆ ಬೀಳದ ಪಿ.ಎಫ್.ನಲ್ಲಿ. ಹೆಸರಿಗಷ್ಟೇ ಸೇವಾಶುಲ್ಕ ಬರೆದು ಗೆದ್ದ ಏಜೆನ್ಸಿ ಕಂಡರೆ ಅದು ಬದುಕುವುದು ಯಾವುದರಿಂದ ಎಂದು ಕೇಳಬೇಕಾಗುತ್ತದೆ. ಏಜೆನ್ಸಿಯ ಬಿಲ್ ಪಾಸು ಮಾಡುವ ಮೊದಲು ಹಿಂದಿನ ತಿಂಗಳ ಪಿ.ಎಫ್. ಚಲನ್, ಬ್ಯಾಂಕ್ ಪಾವತಿ ಪಟ್ಟಿ ಕೇಳುವ ಕಚೇರಿಗಳಲ್ಲಿ ಈ ಆಟ ಕಷ್ಟ.

## ಕಟ್ಟಿದವರೇ ಕಾಯಲಿ

ಇದುವರೆಗೆ ಪ್ರಯೋಗವಾದ ಉಪಾಯಗಳಲ್ಲಿ ನನಗೆ ಹೆಚ್ಚು ಅರ್ಥಪೂರ್ಣ ಎನ್ನಿಸುವುದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದ್ದು. 2000ದ ಡಿಸೆಂಬರಿನಲ್ಲಿ ಶುರುವಾದ ಈ ಯೋಜನೆಯಲ್ಲಿ ರಸ್ತೆ ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ನಿರ್ವಹಣೆಯನ್ನೂ ಮಾಡಬೇಕು. ಅದರ ದರವೂ ಮೂಲ ಒಪ್ಪಂದದಲ್ಲೇ ಇರುತ್ತದೆ. ಚರಂಡಿಯ ಮಣ್ಣೆತ್ತುವುದು, ಕಾಡು ಸವರುವುದು, ಗುಂಡಿ ಮುಚ್ಚುವುದು ಎಲ್ಲ ಅವರ ಪಾಲಿಗೆ. ಕಳಪೆ ಮಾಡಿದರೆ ಐದು ವರ್ಷ ತಾವೇ ಅನುಭವಿಸಬೇಕು ಎಂದು ಗೊತ್ತಿದ್ದವರು ಜಲ್ಲಿ ಹಾಸುವ ದಿನವೇ ಎಚ್ಚರದಲ್ಲಿರುತ್ತಾರೆ. ಆ ರಸ್ತೆಗಳ ತುದಿಯಲ್ಲಿ ನಿಲ್ಲಿಸುವ ಫಲಕದಲ್ಲಿ ವೆಚ್ಚ, ಉದ್ದ, ಗುತ್ತಿಗೆದಾರರ ಹೆಸರು, ನಿರ್ವಹಣೆಯ ವಿವರ ಬರೆದಿರುತ್ತದೆ. ನಿಮ್ಮೂರಿನ ಕಡೆ ಇದ್ದರೆ ಒಮ್ಮೆ ನಿಂತು ಓದಿ. ಕಾಡುಬಳ್ಳಿ ಹಬ್ಬಿದ್ದರೆ ಸರಿಸಿ ಓದಿ. ಬಳ್ಳಿ ಹಬ್ಬಿದೆ ಎಂಬುದೇ ನಿರ್ವಹಣೆಯ ಬಗ್ಗೆ ಅರ್ಧ ಹೇಳುತ್ತದೆ.

## ಕೇಳಬಹುದಾದ ಕಾಗದಗಳು

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. 30 ದಿನಗಳಲ್ಲಿ ಉತ್ತರ ಕೊಡಬೇಕು. "ಈ ರಸ್ತೆಗೆ ಎಷ್ಟು ಖರ್ಚಾಯಿತು?" ಎಂದು ಕೇಳಿದರೆ ಒಂದು ಸಂಖ್ಯೆ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ಮಂಜೂರಾದ ಎಸ್ಟಿಮೇಟಿನ ಪ್ರತಿ, ಒಪ್ಪಂದದ ಪ್ರತಿ, ಎಂ.ಬಿ. ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಕಾಮಗಾರಿ ಮುಗಿದ ದಿನಾಂಕ. ಎಸ್ಟಿಮೇಟ್ ಒಂದು ಕೈಯಲ್ಲಿ, ಎಂ.ಬಿ. ಇನ್ನೊಂದು ಕೈಯಲ್ಲಿ ಹಿಡಿದು, ಟೇಪು ತೆಗೆದುಕೊಂಡು ರಸ್ತೆಗೆ ಹೋದರೆ ಅಗಲ, ಮೋರಿಯ ಉದ್ದ, ಚರಂಡಿ ಇದೆಯೋ ಇಲ್ಲವೋ ಎಂಬುದನ್ನು ಹೈಸ್ಕೂಲ್ ಹುಡುಗರೂ ತಾಳೆ ನೋಡಬಹುದು. ಇದೇ ಕಾಯ್ದೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಹಕ್ಕೂ ಇದೆ: ಕಾಮಗಾರಿಯನ್ನು ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು.

ದೋಷ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಒಪ್ಪಂದ ನೋಡಿ ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಉಪಯೋಗದ್ದು. ಆ ದಿನಾಂಕಕ್ಕೆ ಮೊದಲು ಬರುವ ಕೊನೆಯ ಮಳೆಗಾಲದಲ್ಲಿ ಗುಂಡಿ, ಬಿರುಕು, ಕುಸಿದ ಅಂಚುಗಳ ಫೋಟೊ ತೆಗೆದು, ಕಿಲೋಮೀಟರ್ ಕಲ್ಲಿನ ಗುರುತಿನೊಂದಿಗೆ ಕಾರ್ಯಪಾಲಕ ಇಂಜಿನಿಯರ್‌ಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಆಗ ದುರಸ್ತಿ ಗುತ್ತಿಗೆದಾರರ ಖರ್ಚಿನಲ್ಲಿ, ಇಲ್ಲವೇ ಅವರ ಠೇವಣಿಯಲ್ಲಿ ಆಗಬೇಕಾಗುತ್ತದೆ. ಠೇವಣಿ ವಾಪಸಾದ ಮೇಲೆ ಕೊಟ್ಟ ದೂರಿಗೆ ಬರುವ ಹಿಂಬರಹ ಸಾಮಾನ್ಯವಾಗಿ ಒಂದೇ ಸಾಲಿನದ್ದು: ಅನುದಾನ ಬಂದ ಮೇಲೆ ಪರಿಶೀಲಿಸಲಾಗುವುದು.